ಸಹಾಯ ಬೇಕು: ಕರೆಯೋಲೆಯಲ್ಲಿ ‘ಓಗರ’ ಅಂತ ಬರೆಯಬಹುದಾ?

ನಮಸ್ಕಾರ. ಡೊಂಬಿವಲಿಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಕರೆಯೋಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಭೋಜನ’ದ ಬದಲು ‘ಓಗರ’ ಅಂತ ಹಾಕುವ ಆಸೆ. ಪುಳಿಯೋಗರೆ, ಕಟ್ಟೋಗರ, ಕರಾವಳಿಯವರ ಮೇಲೋಗರ, ಎಲ್ಲದರಲ್ಲೂ ಇರುವುದು ಅದೇ ಪದ ಅಲ್ವಾ?

ನಿಘಂಟಿನಲ್ಲಿ ಅನ್ನ, ಊಟ ಎರಡೂ ಅರ್ಥ ಇವೆ. ನನಗೆ ಬೇಕಿರುವುದು ಬಳಕೆ. ಜೋಳದ ರೊಟ್ಟಿ, ಎಣ್ಣೆಗಾಯಿ ಇರುವ ಊಟಕ್ಕೂ ಓಗರ ಅನ್ನಬಹುದಾ, ಇಲ್ಲ ಅನ್ನ ಇದ್ದರೆ ಮಾತ್ರವಾ? ‘ಓಗರ ಉಣ್ಣಲು ಬನ್ನಿ’ ಅಂದರೆ ಕಿವಿಗೆ ಸರಿ ಅನಿಸುತ್ತದಾ?

ಒಬ್ಬರು ‘ಕೂಳು’ ಹಾಕಿ, ಅದೂ ಹಳೆಗನ್ನಡವೇ ಅಂದರು. ಹಳೆಯದೇನೋ ನಿಜ. ಆದರೆ ಈಗ ‘ಕೂಳಿಗೆ ಬನ್ನಿ’ ಅಂದರೆ ಜನ ಊಟಕ್ಕಲ್ಲ, ಜಗಳಕ್ಕೆ ಬಂದಾರು!

ನಿಮ್ಮ ಮನೆಯ ಹಿರಿಯರು ಮಾತಿನಲ್ಲಿ ಓಗರ ಅಂದದ್ದು ಕೇಳಿದ್ದರೆ, ಯಾವ ಊರ ಕಡೆ, ಯಾವ ಸಂದರ್ಭದಲ್ಲಿ ಅಂತ ತಿಳಿಸಿ. ಶುಕ್ರವಾರ ಅಚ್ಚಿಗೆ ಕೊಡಬೇಕು.