ಸಹಾಯ ಬೇಕು: ಜಾಗ ಬದಲಿಸಿದ ಊರಿನ ನಡುಭಾಗ ಹುಡುಕೋದು ಹೇಗೆ?

ನಮಸ್ಕಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ನ್ಯೂನ್‌ಹ್ಯಾಮ್ ಕೋರ್ಟ್ನಿ ಊರಿನ ನಕ್ಷೆ ಮಾಡುತ್ತಿದ್ದೇನೆ. ಗೂಗಲ್ ಮ್ಯಾಪ್‌ನ ಗುರುತು ಹೆದ್ದಾರಿ ಪಕ್ಕದ ಮನೆಗಳ ಸಾಲಿನಲ್ಲಿದೆ. ಆದರೆ ಅದು ಹಳೇ ಊರಲ್ಲ! 1760ರ ದಶಕದಲ್ಲಿ ಅಲ್ಲಿನ ಜಮೀನ್ದಾರ ಅರ್ಲ್ ಹಾರ್‌ಕೋರ್ಟ್, ತನ್ನ ಬಂಗಲೆಯ ಸುತ್ತ ಉದ್ಯಾನ ಬೇಕೆಂದು ಇಡೀ ಊರನ್ನೇ ಎತ್ತಿ ರಸ್ತೆ ಬದಿಗೆ ಹಾಕಿಸಿದ. ಹಳೇ ಚರ್ಚ್ ಕೂಡ ಉಳಿಯಲಿಲ್ಲ. 1764ರಲ್ಲಿ ಕಟ್ಟಿಸಿದ ಗುಮ್ಮಟದ ಚರ್ಚ್ ಈಗಲೂ ಆ ಉದ್ಯಾನದಲ್ಲಿದೆ.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಆರಿಂಚಿನ (ಮೈಲಿಗೆ ಆರು ಇಂಚಿನ ಅಳತೆಯ) ಹಳೇ ನಕ್ಷೆ ನೋಡಿದೆ. ಅದು ನೂರು ವರ್ಷ ತಡವಾಗಿ ಬಂದದ್ದು, ಉಪಯೋಗಕ್ಕೆ ಬರಲಿಲ್ಲ. ಹಾಗಾದರೆ ಹಳೇ ಊರಿನ ನಡುಭಾಗ ಎಲ್ಲಿ ಅಂತ ಗುರುತು ಹಾಕಲಿ? ಉಚಿತವಾಗಿ ಸಿಗುವ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ) ಚಿತ್ರದಲ್ಲಿ ಹಳೇ ಮನೆಗಳ ದಿಬ್ಬ, ದಾರಿಯ ತಗ್ಗು ಗುರುತಿಸಿ ಅಭ್ಯಾಸ ಇರುವವರು ಯಾರಾದರೂ ಇದ್ದೀರಾ? ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ನನಗೆ ಸುಮಾರಾಗಿ ಬರುತ್ತದೆ, ಅಷ್ಟೇ.