ಜೀವಶಾಸ್ತ್ರ ಮತ್ತು ಗಣಿತ ಎರಡನ್ನೂ ಉಳಿಸಿಕೊಂಡು ಪದವಿ ಓದಲು ವಿದ್ಯಾರ್ಥಿವೇತನ ಎಲ್ಲಿದೆ?

ಶಾಲಿನಿ, ಡೊಂಬಿವಲಿ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಎರಡರಲ್ಲಿ ಒಂದನ್ನು ಬಿಡೆಂದು ಬಂಧುಗಳೆಲ್ಲ ಹೇಳಿದರೂ ಅವಳು ಗಣಿತವನ್ನೂ ಜೀವಶಾಸ್ತ್ರವನ್ನೂ ಉಳಿಸಿಕೊಂಡಿದ್ದಾಳೆ. ವೈದ್ಯಕೀಯವೂ ಬೇಡ, ಎಂಜಿನಿಯರಿಂಗೂ ಬೇಡ, ರೋಗಗಳು ಹರಡುವ ಬಗೆಯನ್ನು ಲೆಕ್ಕದ ಮೂಲಕ ಅರಿಯುವ ಸಂಶೋಧನೆಯೇ ಬೇಕು ಎನ್ನುತ್ತಾಳೆ. ನಾವು ವಿಚಾರಿಸಿದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಆರಿಸಿಕೊಂಡರೆ ಗಣಿತ ಮೊದಲ ವರ್ಷಕ್ಕೇ ನಿಂತುಹೋಗುತ್ತದೆ. ನಮ್ಮದು ಒಬ್ಬರ ಸಂಬಳದಲ್ಲಿ ನಡೆಯುವ ಮನೆ. ಎರಡೂ ವಿಷಯಗಳು, ಸಂಶೋಧನೆ ಮತ್ತು ಸ್ವಲ್ಪ ಆರ್ಥಿಕ ನೆರವು ಒಟ್ಟಿಗೆ ಸಿಗುವ ದಾರಿ ಮುಂಬೈ, ಪುಣೆಯ ಆಸುಪಾಸಿನಲ್ಲಿ ಇದೆಯೇ?

ರಾಘವೇಂದ್ರ, ಪುಣೆ:
ಇದೆ. 2006ರಲ್ಲಿ ಆರಂಭವಾದ ಪುಣೆಯ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ನಡೆಸುವ ಐದು ವರ್ಷಗಳ ಬಿಎಸ್-ಎಂಎಸ್ ಪದವಿಯನ್ನು ಮೊದಲು ನೋಡಿ. ಆರಂಭದ ವರ್ಷಗಳಲ್ಲಿ ಎಲ್ಲ ವಿಜ್ಞಾನ ವಿಷಯಗಳಿಗೂ ಭದ್ರ ಬುನಾದಿ ಹಾಕಿಸಿ, ಕೊನೆಯ ವರ್ಷವನ್ನು ಸಂಶೋಧನಾ ಪ್ರಬಂಧಕ್ಕೆ ಮೀಸಲಿಡುತ್ತಾರೆ. ಅಲ್ಲಿಗೆ ಸೇರಲು ಬರೆಯುವ ಐಎಟಿ ಪರೀಕ್ಷೆಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಭೌತಶಾಸ್ತ್ರದಿಂದ ತಲಾ 15ರಂತೆ 60 ಪ್ರಶ್ನೆಗಳಿರುತ್ತವೆ. ಹನ್ನೊಂದರಲ್ಲೇ ಒಂದು ವಿಷಯ ಬಿಟ್ಟ ಮಕ್ಕಳು ಇಲ್ಲಿ ಕಾಲುಭಾಗದ ಪ್ರಶ್ನೆಗಳ ಮುಂದೆ ತಡವರಿಸುತ್ತಾರೆ, ನಿಮ್ಮ ಮಗಳಿಗೆ ಆ ತೊಡಕಿಲ್ಲ.

ಹಣದ ವಿಷಯಕ್ಕೆ ಬಂದರೆ, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿಯ ಖರ್ಚಿಗೆ, ಉಳಿದ 20,000 ಒಬ್ಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಮಾಡುವ ಬೇಸಿಗೆ ಯೋಜನೆಗೆ. ಆಯಾ ಬೋರ್ಡಿನ ಹನ್ನೆರಡನೆಯ ತರಗತಿಯಲ್ಲಿ ಮೊದಲ ಶೇಕಡಾ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇದು ಅನ್ವಯಿಸುತ್ತದೆ. ಈ ಗಡಿ ಅಂಕ ಬೋರ್ಡಿನಿಂದ ಬೋರ್ಡಿಗೆ ಬೇರೆಯಾಗಿರುವುದರಿಂದ ಸಿಬಿಎಸ್‌ಇ ಮಕ್ಕಳ ಅಂಕ ನೋಡಿ ಮಹಾರಾಷ್ಟ್ರ ಬೋರ್ಡಿನವರು ಹೆದರಬೇಕಾಗಿಲ್ಲ.

ವಸುಧಾ, ಸಾಂತಾಕ್ರೂಜ್:
ರಾಘವೇಂದ್ರ ಅವರು ಹೇಳಿದ್ದು ಸರಿ, ಆದರೆ ಡೊಂಬಿವಲಿಯವರಿಗೆ ಕಲೀನಾ ಇನ್ನೂ ಹತ್ತಿರ. ಮುಂಬೈ ವಿಶ್ವವಿದ್ಯಾಲಯ ಮತ್ತು ಅಣುಶಕ್ತಿ ಇಲಾಖೆ ಸೇರಿ 2007ರಲ್ಲಿ ಅಲ್ಲಿನ ಆವರಣದಲ್ಲಿ ಮೂಲವಿಜ್ಞಾನಗಳ ಉತ್ಕೃಷ್ಟತಾ ಕೇಂದ್ರವನ್ನು ಸ್ಥಾಪಿಸಿದವು. ಐದು ವರ್ಷಗಳ ಸಂಯೋಜಿತ ಎಂ.ಎಸ್ಸಿ.ಗೆ ನೆಸ್ಟ್ ಪರೀಕ್ಷೆ ಬರೆಯಬೇಕು, ಭುವನೇಶ್ವರದ ರಾಷ್ಟ್ರೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗೂ (ನೈಸರ್) ಅದೇ ಪರೀಕ್ಷೆ. ಕಲೀನಾ ಕೇಂದ್ರದ ದಿಶಾ ವಿದ್ಯಾರ್ಥಿವೇತನವೂ ವರ್ಷಕ್ಕೆ 60,000 ರೂಪಾಯಿ, ಬೇಸಿಗೆ ಸಂಶೋಧನೆಗೆ ಪ್ರತ್ಯೇಕವಾಗಿ 20,000. ದಿಶಾ ಮತ್ತು ಇನ್‌ಸ್ಪೈರ್ ಎರಡನ್ನೂ ಏಕಕಾಲಕ್ಕೆ ಪಡೆಯುವಂತಿಲ್ಲ. ಒಂದು ಮಾತು: ಆರಂಭದ ಹಂತ ಮುಗಿದ ಮೇಲೆ ಇಲ್ಲಿ ಒಂದು ಶಾಖೆಯನ್ನು ಆರಿಸಲೇಬೇಕಾಗುತ್ತದೆ. ಜೀವಶಾಸ್ತ್ರ ಆರಿಸಿಕೊಂಡವರು ಮುಂದಿನ ಗಣಿತಕ್ಕೆ ತಾವೇ ಆಸಕ್ತಿ ವಹಿಸಿ ದಾರಿ ಹುಡುಕಿಕೊಳ್ಳಬೇಕು.

ಶಾಲಿನಿ, ಡೊಂಬಿವಲಿ:
ತುಂಬಾ ಉಪಕಾರವಾಯಿತು. ಪ್ರವೇಶ ಸಿಗದೆ ಹೋದರೆ ಏನು ಮಾಡುವುದು? ನಮ್ಮ ಯಜಮಾನರದು ಇನ್ನೊಂದು ಪ್ರಶ್ನೆ: ಈ ಎರಡು ವಿಷಯಗಳ ಜೋಡಿಗೆ ನಮ್ಮ ಕಡೆ ನಿಜವಾಗಿ ಬೆಲೆ ಇದೆಯೇ?

ಶ್ರೀಪಾದ, ಮಡಗಾಂವ್:
ಯಜಮಾನರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಾಂಕ್ರಾಮಿಕ ರೋಗಗಳ ಗಣಿತಕ್ಕೆ ಇಂದಿಗೂ ತಳಹದಿಯಾಗಿರುವ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅವರ 1927ರ ಪ್ರಬಂಧದಲ್ಲಿ, ತಮ್ಮ ಸಮೀಕರಣ ವಾಸ್ತವಕ್ಕೆ ಹೊಂದುತ್ತದೆಯೇ ಎಂದು ನೋಡಲು ಅವರು ಬಳಸಿದ್ದು 1905-06ರಲ್ಲಿ ಮುಂಬೈಯಲ್ಲಿ ಪ್ಲೇಗಿನಿಂದ ಸತ್ತವರ ವಾರವಾರದ ಲೆಕ್ಕವನ್ನೇ. ಇನ್ನು ನಮ್ಮ ಗೋವೆಯಲ್ಲಿ ಹುಟ್ಟಿದ ಡಿ. ಡಿ. ಕೋಸಾಂಬಿ. ಇತಿಹಾಸಕಾರರೆಂದೇ ಹೆಚ್ಚು ಹೆಸರಾದ ಅವರು ವೃತ್ತಿಯಿಂದ ಗಣಿತಜ್ಞರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು, ವರ್ಣತಂತುವಿನ ಮೇಲೆ ಜೀನುಗಳ ನಡುವಿನ ದೂರವನ್ನು ಅಳೆಯಲು 1940ರ ದಶಕದಲ್ಲಿ ಕೊಟ್ಟ ಸೂತ್ರ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಹೀಗಿರುವಾಗ ನಮ್ಮ ಕಡೆಗೆ ಈ ಜೋಡಿ ಹೊಸದೆಂದು ಹೇಳುವುದು ಕಷ್ಟ.

ಪ್ರವೇಶ ಸಿಗದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಹೊಸ ಶಿಕ್ಷಣ ನೀತಿಯಲ್ಲಿ ಜೀವಶಾಸ್ತ್ರವನ್ನು ಮುಖ್ಯ ವಿಷಯವಾಗಿಯೂ ಗಣಿತವನ್ನು ಉಪ ವಿಷಯವಾಗಿಯೂ ಇಟ್ಟುಕೊಳ್ಳಲು ಅವಕಾಶವಿದೆ. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯೊಂದಿಗೆ ಆನರ್ಸ್ ಮಾಡಬಹುದು. ಕಾಗದದ ಮೇಲಿನ ಅವಕಾಶವೇ ಬೇರೆ, ಕಾಲೇಜಿನ ವೇಳಾಪಟ್ಟಿಯೇ ಬೇರೆ. ಎರಡೂ ತರಗತಿಗಳು ಒಂದೇ ಹೊತ್ತಿಗೆ ಬೀಳುವುದಿಲ್ಲವೇ ಎಂದು ಸೇರುವ ಮುನ್ನವೇ ಕೇಳಿ ತಿಳಿದುಕೊಳ್ಳಿ. ಇನ್‌ಸ್ಪೈರ್ ನೆರವು ಇಂಥ ಬಿ.ಎಸ್ಸಿ.ಗೂ ದೊರೆಯುತ್ತದೆ. ಸಂಶೋಧನೆಯ ಅಭ್ಯಾಸಕ್ಕೆ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಿಂದ ಪದವಿ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿರುವ ನಿಯಸ್ ಕಾರ್ಯಕ್ರಮವಿದೆ. ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು.

ನನ್ನನ್ನು ಕೇಳಿದರೆ, ಮೊದಲು ಗಣಿತ ಕೈತಪ್ಪದ ಕಾಲೇಜನ್ನು ಗೊತ್ತುಮಾಡಿ, ಆಮೇಲೆ ಹಣದ ಲೆಕ್ಕ ಹಾಕಿ. ಐಎಟಿ ಮತ್ತು ನೆಸ್ಟ್ ಅರ್ಜಿಗಳು ಸಾಮಾನ್ಯವಾಗಿ ಬೋರ್ಡ್ ಪರೀಕ್ಷೆಯ ಗಡಿಬಿಡಿಯ ದಿನಗಳಲ್ಲೇ ತೆರೆಯುವುದರಿಂದ ಮಗಳು ಪುಸ್ತಕ ಹಿಡಿದಿರುವಾಗ ಆ ದಿನಾಂಕಗಳ ಮೇಲೆ ನೀವು ಕಣ್ಣಿಟ್ಟಿರಿ.