ಅಪ್‌ಡೇಟ್: ಹಳೇ ಎಂಟಿಬಿ (ಮೌಂಟನ್ ಬೈಕ್ ಸೈಕಲ್) ಗೇರ್ ಸರಿಹೋಯ್ತು
ಹಳೇ 7 ಸ್ಪೀಡ್ ಎಂಟಿಬಿಲಿ ಹಿಂದಿನ ಗೇರ್ ದೊಡ್ಡ ಹಲ್ಲುಚಕ್ರಕ್ಕೆ ಸಲೀಸಾಗಿ ಹತ್ತುತ್ತೆ, ಚಿಕ್ಕದಕ್ಕೆ ಇಳಿಯೋವಾಗ ಒದ್ದಾಡುತ್ತೆ ಅಂತ ಕೇಳಿದ್ನಲ್ಲ, ಅದು ಸರಿಹೋಯ್ತು. ನೀವೆಲ್ಲ ಹೇಳ್ದಂಗೆ ಮೊದ್ಲು ಬ್ಯಾರೆಲ್ ಅಡ್ಜಸ್ಟರ್ (ಗೇರ್ ಕೇಬಲ್ ಬಿಗಿ ಹೊಂದಿಸೋ ತಿರುಪು) ತಿರುಗಿಸಿ ನೋಡ್ದೆ, ಒಂದ್ ಗೇರ್ ಸರಿಯಾದ್ರೆ ಇನ್ನೊಂದು ಕೆಡೋದು. ಚಿಕ್ಕದಕ್ಕೆ ಎಳೆಯೋದು ಡಿರೇಲರ್ (ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಭಾಗ) ಸ್ಪ್ರಿಂಗ್ ಒಂದೇ ಅಲ್ವಾ, ಕೇಬಲ್ ಸ್ವಲ್ಪ ಹಿಡ್ಕೊಂಡ್ರೂ ಪಾಪ ಅದ್ರ ಕೈಲಿ ಆಗಲ್ಲ, ಬಿಚ್ಚಿ ನೋಡಿದ್ರೆ ಡಿರೇಲರ್ ಹತ್ರ ಬಳುಕಿ ಬರೋ ಔಟರ್ (ಕೇಬಲ್ ಮೇಲಿನ ಕವಚ) ತುಂಡಲ್ಲಿ ನೀರು ಸೇರಿ ಪೂರ್ತಿ ತುಕ್ಕು! ಇನ್ನರ್ರೂ (ಒಳಗಿನ ತಂತಿ) 4 ಎಂಎಂ ಗೇರ್ ಔಟರ್ರೂ ಹೊಸದು ಹಾಕ್ದೆ (ಅಂಗಡಿಯವ್ರು ಬ್ರೇಕ್ ಔಟರ್ ಕೊಡೋಕೆ ಬಂದಿದ್ರು, ಅದು ಕುಗ್ಗುತ್ತೆ, ಇಂಡೆಕ್ಸ್ ಗೇರಿಗೆ, ಅಂದ್ರೆ ಒಂದೊಂದೇ ಕ್ಲಿಕ್ಕಿಗೆ ಬದಲಾಗೋ ಗೇರಿಗೆ, ಬೇಡ). ಲಿಮಿಟ್ ಸ್ಕ್ರೂ (ಡಿರೇಲರ್ ಅತಿಯಾಗಿ ಸರಿಯದಂಗೆ ತಡೆಯೋದು) ಮುಟ್ಲೇ ಇಲ್ಲ. ಹ್ಯಾಂಗರ್ (ಡಿರೇಲರ್‌ನ ಫ್ರೇಮಿಗೆ ಹಿಡಿಯೋ ಕೊಂಡಿ) ಬಗ್ಗಿರ್ಬೇಕು ಅಂದೋರಿಗೆ, ಅದು ನೆಟ್ಟಗೇ ಇದೆ. ಮುಂದಿನ ಡಿರೇಲರ್ ಮಾತ್ರ ಇನ್ನೂ ಚೈನಿಗೆ ಉಜ್ತಿದೆ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ.